ಕತ್ತಿನ ನೋವು, ತೋಳಿನ ಜೋಮು

ಬಿತ್ತನೆ, ಗೊಬ್ಬರ ಬಿಟ್ಟು ಇವತ್ತು ಕತ್ತಿನ ಮಾತು ಯಾಕೆ ಅಂತೀರಾ? ಹುಲ್ಲಿನ ಹೊರೆ, ಗೊಬ್ಬರದ ಮಂಕರಿ ಇರುವುದು ತಲೆಯ ಮೇಲೆ. ಭಾರ ತಾಳುವುದು ಮಾತ್ರ ಕತ್ತು. ನಾಟಿಗೆ, ಕಳೆಗೆ ದಿನವಿಡೀ ಬಗ್ಗಿದರೂ ಬಳಲುವುದು ಅದೇ.

ಕತ್ತಿನಲ್ಲಿ 7 ಮಣಿಮೂಳೆಗಳಿವೆ. ಅವುಗಳ ನಡುವೆ ಮೆತ್ತೆಯಂಥ ಬಿಲ್ಲೆಗಳು. ಪಕ್ಕದ ಸಂದಿಗಳಿಂದ ತೋಳಿನ ನರಗಳು ಹೊರಡುತ್ತವೆ. ಬಿಲ್ಲೆ ಉಬ್ಬಿದರೆ, ಇಲ್ಲವೆ ವಯಸ್ಸಾಗಿ ಮೂಳೆಯ ಅಂಚು ಬೆಳೆದರೆ, ಅಲ್ಲಿ ನರ ಒತ್ತಿಕೊಳ್ಳುತ್ತದೆ. ಆಗ ನೋವು ಕತ್ತಿನಲ್ಲೇ ನಿಲ್ಲದೆ ತೋಳಿಗೆ ಇಳಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಹೆಬ್ಬೆರಳ ಕಡೆ ಜೋಮಾದರೆ ಹೆಚ್ಚಾಗಿ ಕತ್ತಿನ 6ನೆಯ ನರ, ನಡುಬೆರಳಾದರೆ 7ನೆಯದು. ಕೆಲವರಿಗೆ ಕೈಯನ್ನು ತಲೆಯ ಮೇಲಿಟ್ಟರೆ ನೋವು ತಗ್ಗುತ್ತದೆ. ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ ಅಂತ ನಗಬೇಡಿ. ಹಾಗಿಟ್ಟಾಗ ನರದ ಬಿಗಿ ಸಡಿಲುತ್ತದೆ. ಈ ಗುರುತನ್ನು ವೈದ್ಯರಿಗೆ ತಪ್ಪದೆ ಹೇಳಿ.

ಬಹುಪಾಲು ಜನಕ್ಕೆ ಆಪರೇಷನ್ ಬೇಕಾಗುವುದಿಲ್ಲ. ಕೆಲವು ವಾರ, ಕೆಲವು ತಿಂಗಳಲ್ಲಿ ನೋವು ಇಳಿಯುತ್ತದೆ. ಫಿಸಿಯೋಥೆರಪಿಯವರು ಕೀಲುಗಳನ್ನು ಕೈಯಿಂದ ಮೆಲ್ಲಗೆ ಆಡಿಸುತ್ತಾರೆ, ಕೆಲವರಿಗೆ ಟ್ರಾಕ್ಷನ್ ಎಂಬ ಹಿತವಾದ ಎಳೆತ ಕೊಡುತ್ತಾರೆ. ಶಾಖ ಕೊಟ್ಟರೆ ಹಾಯೆನಿಸುವುದು ನಿಜ, ಆದರೆ ಕತ್ತಿಗೆ ಬಲ ಬರುವುದು ವ್ಯಾಯಾಮದಿಂದಲೇ. ಅವರು ಕಲಿಸುವುದರಲ್ಲಿ ಒಂದು ಹೀಗಿದೆ: ನೆಟ್ಟಗೆ ಕೂತು, ಮುಖ ಬಗ್ಗಿಸದೆ, ಗದ್ದವನ್ನು ಹಿಂದಕ್ಕೆ ಸರಿಸಿ. 5 ಎಣಿಸುವಷ್ಟು ಹೊತ್ತು ಹಿಡಿದು ಬಿಡಿ. ಹೀಗೆ 10 ಸಲ. ಇನ್ನೊಂದು: ಹಣೆಗೆ ಅಂಗೈ ಕೊಟ್ಟು, ತಲೆ ಅಲುಗದಂತೆ ಮೆತ್ತಗೆ ಒತ್ತುವುದು, ಆಮೇಲೆ ಹಿಂದೆ, ಎರಡು ಪಕ್ಕ. ಮಾಡುವಾಗ ತೋಳಿನ ನೋವು ಕೆಳಕ್ಕೆ ಇಳಿದರೆ ನಿಲ್ಲಿಸಿಬಿಡಿ. ತೋಳು ಬಿಟ್ಟು ಕತ್ತಿನ ಕಡೆ ಸರಿದರೆ ಒಳ್ಳೆಯ ಲಕ್ಷಣ.

ಕ್ಷೌರದಂಗಡಿಯಲ್ಲಿ ಕತ್ತು ತಿರುವಿಸಿ ನೆಟಿಗೆ ತೆಗೆಸುವ ಚಟ ಕೆಲವರಿಗುಂಟು. ದಯವಿಟ್ಟು ಬೇಡಿ. ಅಪರೂಪಕ್ಕಾದರೂ ಕತ್ತಿನ ರಕ್ತನಾಳ ಹರಿದು ಪಾರ್ಶ್ವವಾಯು ಬಡಿದದ್ದುಂಟು.

ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡಿಗೆ ತೂರಾಡಿದರೆ, ತೋಳಿನ ಬಲ ಕುಂದುತ್ತಾ ಹೋದರೆ, ಮೂತ್ರದ ಹಿಡಿತ ತಪ್ಪಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಅಂದೇ ದೊಡ್ಡಾಸ್ಪತ್ರೆಗೆ ಹೋಗಿ. ತೆಂಗಿನ ಮರದಿಂದ ಬಿದ್ದವರನ್ನು ಎಬ್ಬಿಸಿ ಕೂರಿಸಬಾರದು. ಕತ್ತು ಅಲುಗದಂತೆ ಹಿಡಿದುಕೊಂಡು 108ಕ್ಕೆ ಫೋನು ಮಾಡಿಸಿ.

ನೋವು ಇಳಿಯುವ ತನಕ ತಲೆಹೊರೆ ಬೇಡ, ಗಾಡಿಗೆ ಹಾಕಿ. ಹಾಗಂತ ಹಾಸಿಗೆ ಹಿಡಿಯುವುದೂ ಬೇಡ. ಹಗುರ ಕೆಲಸ ಮಾಡಿಕೊಂಡಿರಿ. ಕತ್ತಿನ ಪಟ್ಟಿ ಕೊಟ್ಟಿದ್ದರೆ ವೈದ್ಯರು ಹೇಳಿದಷ್ಟು ದಿನ ಮಾತ್ರ ಕಟ್ಟಿ. ತಿಂಗಳುಗಟ್ಟಲೆ ಕಟ್ಟಿದರೆ ಕತ್ತಿನ ಸ್ನಾಯು ಸೊರಗುತ್ತದೆ.