ತರಗತಿಯ ಪ್ರಯೋಗಪತ್ರಗಳ ಜಾಲತಾಣ: ಅನುಮೋದನೆಗೆ ಮುನ್ನ ಸದಸ್ಯರು ಪರಿಶೀಲಿಸಬೇಕಾದ ಅಂಶಗಳು



ವಿಜ್ಞಾನ ಮತ್ತು ಗಣಿತ ಬೋಧನೆಗೆ ಬೇಕಾದ ಸಾಮಗ್ರಿಗಳಲ್ಲಿ ಹಲವನ್ನು ಕಾಗದದ ಮೇಲೆ ಮುದ್ರಿಸಿ, ಕತ್ತರಿಸಿ, ಮಡಚಿ ಸಿದ್ಧಪಡಿಸಬಹುದು. ಅಳತೆಪಟ್ಟಿ, ಕೋನಮಾಪಕ, ವರ್ನಿಯರ್ ಮಾದರಿ, ಸೂಜಿರಂಧ್ರ ಕ್ಯಾಮೆರಾ, ನಕ್ಷತ್ರ ನಕ್ಷೆ, ಎಲೆಗಳ ವರ್ಗೀಕರಣದ ಚೀಟಿ ಇದಕ್ಕೆ ನಿದರ್ಶನಗಳು. ಇವುಗಳನ್ನು ಶಿಕ್ಷಕರು ಹಂಚಿಕೊಳ್ಳುವ ಜಾಲತಾಣದ ಪ್ರಸ್ತಾವ ತಮ್ಮ ಸಭೆಯ ಮುಂದೆ ಬಂದಲ್ಲಿ, ಅದು ತರಗತಿಗೆ ಒದಗುವುದೇ ಅಥವಾ ಉದ್ಘಾಟನೆಯ ದಿನಕ್ಕಷ್ಟೇ ಸೀಮಿತವಾಗುವುದೇ ಎಂದು ನಿರ್ಣಯಿಸಲು ಕೆಳಗಿನ ವಿವರಣೆ ನೆರವಾಗಬಹುದು. ಸಂವಿಧಾನದ ಹನ್ನೊಂದನೆಯ ಅನುಸೂಚಿಯ 17ನೆಯ ವಿಷಯ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ, 20ನೆಯ ವಿಷಯ ಗ್ರಂಥಾಲಯ. ಆದ್ದರಿಂದ ಈ ಪರಿಶೀಲನೆ ಪಂಚಾಯಿತಿಗೆ ಹೊರತಾದುದಲ್ಲ.

1. ಈಗಾಗಲೇ ಲಭ್ಯವಿರುವುದು

ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡಗೂಡಿ 2013ರಲ್ಲಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವನ್ನು ಆರಂಭಿಸಿತು. ವಿಕಿಪೀಡಿಯಕ್ಕೆ ಆಧಾರವಾದ ಮೀಡಿಯಾವಿಕಿ ತಂತ್ರಾಂಶವೇ ಇದಕ್ಕೂ ಆಧಾರ. ಶಿಕ್ಷಕರೇ ಇಲ್ಲಿ ಲೇಖಕರು. ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆ 2017ರ ಸೆಪ್ಟೆಂಬರ್ 5ರಂದು ಚಾಲನೆಗೊಂಡಿತು. ಇವೆರಡೂ ಇರುವಾಗ ಪ್ರತಿ ಪಂಚಾಯಿತಿಯೂ ಪ್ರತ್ಯೇಕ ಭಂಡಾರ ಕಟ್ಟುವುದು ಅನಗತ್ಯ. ಇರುವ ಪತ್ರಗಳನ್ನು ತರಗತಿ, ಪಾಠ, ಅವಧಿ ಮತ್ತು ಬೇಕಾಗುವ ವಸ್ತುಗಳ ಪ್ರಕಾರ ಜೋಡಿಸಿ ತೋರಿಸುವ ಸಣ್ಣ ಸೂಚಿ, ಇಲ್ಲದಿರುವುದನ್ನು ಸೇರಿಸುವ ವ್ಯವಸ್ಥೆ ಇವಿಷ್ಟೇ ಸಾಕು.

2. ಅಳತೆಯ ನಿಷ್ಕೃಷ್ಟತೆ

ಎ4 ಹಾಳೆಯ ಅಗಲ 210 ಮಿಲಿಮೀಟರ್. ಮುದ್ರಣಯಂತ್ರವು ಎರಡೂ ಬದಿಯಲ್ಲಿ 5 ಮಿಲಿಮೀಟರ್ ಅಂಚು ಬಿಟ್ಟು ಇಡೀ ಪುಟವನ್ನು ಒಳಗೆ ಹೊಂದಿಸಿದರೆ 10 ಸೆಂಟಿಮೀಟರ್ ಗೆರೆ ಸುಮಾರು 9.5 ಸೆಂಟಿಮೀಟರಿಗೆ ಇಳಿಯುತ್ತದೆ. ಕೋನಮಾಪಕಕ್ಕೆ ಇದರಿಂದ ಬಾಧೆಯಿಲ್ಲ, ಏಕೆಂದರೆ ಎಲ್ಲ ಕಡೆ ಸಮನಾಗಿ ಕುಗ್ಗಿದರೂ ಕೋನ ಬದಲಾಗದು. ಅಳತೆಪಟ್ಟಿ ಮಾತ್ರ ಕೆಡುತ್ತದೆ. ಆ ಪಟ್ಟಿಯಿಂದ ಘನಾಕೃತಿಯೊಂದರ ಬಾಹು ಅಳೆದ ವಿದ್ಯಾರ್ಥಿಗೆ ಘನಗಾತ್ರ ಶೇ. 16ರಷ್ಟು ಹೆಚ್ಚಾಗಿ ದೊರೆಯುತ್ತದೆ; ಲೆಕ್ಕ ಸರಿಯಿದ್ದರೂ ಉತ್ತರ ತಪ್ಪು. ಆದಕಾರಣ ಅಳತೆ ಮುಖ್ಯವಾಗಿರುವ ಪ್ರತಿ ಪತ್ರದ ಅಂಚಿನಲ್ಲಿ 10 ಸೆಂಟಿಮೀಟರ್‌ನ ಪರೀಕ್ಷಾ ಗೆರೆಯೊಂದು, 'ಶೇ. 100ರ ಗಾತ್ರದಲ್ಲೇ ಮುದ್ರಿಸಿ' ಎಂಬ ಸೂಚನೆಯೊಂದು ಇರತಕ್ಕದ್ದು. ಚಿತ್ರಗಳು ಬಣ್ಣವಿಲ್ಲದೆಯೂ, ನೆರಳಚ್ಚು ಪ್ರತಿಯಲ್ಲಿಯೂ ಸ್ಪಷ್ಟವಾಗಿ ಕಾಣಬೇಕು.

3. ಸ್ಥಳಕ್ಕೆ ಹೊಂದಿಕೆ

ಅಂತರ್ಜಾಲದಲ್ಲಿ ದೊರೆತದ್ದೆಲ್ಲ ನಮ್ಮ ಊರಿಗೆ ಒಗ್ಗದು. ಸೂರ್ಯಗಡಿಯಾರದಲ್ಲಿ ನೆರಳು ಬೀರುವ ಶಂಕುವಿನ ಓರೆ ಆಯಾ ಸ್ಥಳದ ಅಕ್ಷಾಂಶಕ್ಕೆ ಸಮನಾಗಿರಬೇಕು. ಲಂಡನ್ನಿಗೆ ರಚಿಸಿದ ಪತ್ರದಲ್ಲಿ ಅದು ಸುಮಾರು 51.5 ಡಿಗ್ರಿ, ಕೃಷ್ಣರಾಜಪುರಕ್ಕಾಗಲೀ ಮಂಡೂರಿಗಾಗಲೀ ಬೇಕಾದುದು 13 ಡಿಗ್ರಿ. ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅವಲಂಬಿಸಿರುವುದರಿಂದ ಇಲ್ಲಿನ ಸೂರ್ಯಸಮಯ ಸರಾಸರಿ 20 ನಿಮಿಷ ಹಿಂದಿರುತ್ತದೆ. ಈ ಟಿಪ್ಪಣಿಯಿಲ್ಲದ ಪತ್ರವನ್ನು ಬಳಸಿದ ಮಗು ತನ್ನ ಪ್ರಯೋಗವೇ ಸೋತಿತೆಂದು ತಿಳಿಯುತ್ತದೆ.

4. ಲಿಪಿ ಮತ್ತು ಭಾಷೆ

ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿದೆ. ಆದರೂ ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತಗಳು ಇಂದಿಗೂ ಬಳಕೆಯಲ್ಲಿವೆ. ಅವು ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕಕ್ಕೆ ಇಂಗ್ಲಿಷ್ ಅಕ್ಷರಗಳೇ. 'ದ್ಯುತಿಸಂಶ್ಲೇಷಣೆ' ಎಂದು ಹುಡುಕಿದರೆ ಸಿಗಲಾರವು. ಎಲ್ಲ ಕಡತಗಳೂ ಯೂನಿಕೋಡಿನಲ್ಲಿರಬೇಕೆಂಬುದನ್ನು ಷರತ್ತಾಗಿಯೇ ಬರೆಯಿಸಬೇಕು. ಶಿವಾಜಿನಗರ, ಹಲಸೂರು ಭಾಗದಲ್ಲಿ ಉರ್ದು, ತಮಿಳು ಮಾಧ್ಯಮದ ಶಾಲೆಗಳೂ ಇವೆ. ಪಿಡಿಎಫ್ ಜೊತೆಗೆ ತಿದ್ದಬಹುದಾದ ಮೂಲ ಕಡತವನ್ನೂ ಇರಿಸಿದರೆ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು ಪದಗಳನ್ನಷ್ಟೇ ಬದಲಿಸಿಕೊಳ್ಳಲು ಸಾಧ್ಯ.

5. ಹಂಚಿಕೆಯ ಹಕ್ಕು

ಕೃತಿಸ್ವಾಮ್ಯ ಕಾಯ್ದೆ 1957ರ ಪ್ರಕರಣ 52ರ ಅನ್ವಯ, ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಕೃತಿಯನ್ನು ನಕಲು ಮಾಡಿಕೊಳ್ಳಲು ಅವಕಾಶವಿದೆ. ಅನ್ಯರ ಕೃತಿಯನ್ನು ಸಾರ್ವಜನಿಕ ತಾಣದಲ್ಲಿ ಪ್ರಕಟಿಸುವುದು ಬೇರೆಯೇ ವಿಷಯ. ರಚಿಸಿದವರ ಹೆಸರು ಉಳಿಸಿ, ತಿದ್ದಿದ ಪ್ರತಿಯನ್ನೂ ಅದೇ ಷರತ್ತಿನಲ್ಲಿ ಹಂಚಬಹುದೆಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಪ್ರತಿ ಪತ್ರದ ಮೇಲೂ ಮುದ್ರಿಸುವುದು ಸೂಕ್ತ.

6. ಮುದ್ರಣದ ಸ್ಥಳ

ಜಾಲತಾಣವಿದ್ದು ಮುದ್ರಣಯಂತ್ರವಿಲ್ಲದಿದ್ದರೆ ಪ್ರಯೋಜನವಿಲ್ಲ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಕಪ್ಪು ಬಿಳುಪಿನ ಮುದ್ರಣಯಂತ್ರವೊಂದು, ವರ್ಷಕ್ಕೆ ಸಾಕಾಗುವ ಕಾಗದ ಮತ್ತು ಶಾಯಿ ಇದ್ದರೆ ಸುತ್ತಲಿನ ಶಾಲೆಗಳೆಲ್ಲಕ್ಕೂ ಅನುಕೂಲ. ಅಂದಾಜುಪಟ್ಟಿಯಲ್ಲಿ ಯಂತ್ರದ ಬೆಲೆಯಷ್ಟೇ ಇದ್ದು ಶಾಯಿಯ ವೆಚ್ಚವಿಲ್ಲದಿದ್ದರೆ ಅದನ್ನು ಸೇರಿಸಲು ಸೂಚಿಸಬೇಕು.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಅ) ಇರುವ ತಾಣಗಳಲ್ಲಿ ಇಲ್ಲದ ಯಾವ ಪತ್ರ ಇದರಲ್ಲಿ ದೊರೆಯುತ್ತದೆ?
ಆ) ಪತ್ರಗಳನ್ನು ತರಗತಿಯಲ್ಲಿ ಪ್ರಯೋಗಿಸಿ ನೋಡಿದ ಶಿಕ್ಷಕರು ಯಾರು?
ಇ) ಸಾಮಾನ್ಯ ಮೊಬೈಲಿನಲ್ಲಿ, ನೋಂದಣಿಯಿಲ್ಲದೆ ಕಡತ ಇಳಿಸಿಕೊಳ್ಳಬಹುದೇ?
ಈ) ದೋಷ ಕಂಡುಬಂದರೆ ತಿದ್ದುವವರು ಯಾರು? ಪರಿಷ್ಕರಣೆಯ ದಿನಾಂಕ ಪತ್ರದ ಮೇಲಿರುವುದೇ?
ಉ) ತಯಾರಕರ ಒಪ್ಪಂದ ಮುಗಿದ ಬಳಿಕ ಕಡತಗಳು ಯಾರ ವಶದಲ್ಲಿರುತ್ತವೆ?

ಇವುಗಳಿಗೆ ಲಿಖಿತ ಉತ್ತರ ದೊರೆತ ನಂತರವೇ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಭಿಪ್ರಾಯ ಪಡೆದು ನಿರ್ಣಯ ಕೈಗೊಳ್ಳುವುದು ಉಚಿತ. ಒಂದು ಪತ್ರವನ್ನು ಸಭೆಯಲ್ಲಿಯೇ ಮುದ್ರಿಸಿ, ಪರೀಕ್ಷಾ ಗೆರೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡುವುದು ಇನ್ನೂ ಉತ್ತಮ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಬೆಂಗಳೂರು ಪೂರ್ವ ತಾಲ್ಲೂಕು