ನಿಮಗಿದು ಗೊತ್ತೇ? ಯಂಕಂಚಿಯಿಂದ ವಿಜಯಪುರದವರೆಗೆ ಊರಿನ ಸರ್ಕಾರ

ಸಿಂದಗಿ ತಾಲ್ಲೂಕಿನ ಯಂಕಂಚಿಯಲ್ಲಿ ಯಾರಾದರೂ "ಉತಾರ ಬೇಕಾಗೇತ್ರಿ" ಅಂದರೆ ಮೊದಲು ಕೇಳಬೇಕಾದ್ದು ಒಂದೇ: ಹೊಲದ್ದೋ, ಮನೀದೋ? ಎರಡಕ್ಕೂ ಹಿಡಿಯಬೇಕಾದ ದಾರಿ ಬೇರೆ ಬೇರೆ. ಹೊಲದ ಉತಾರ, ಅಂದರೆ ಪಹಣಿ, ಕಂದಾಯ ಇಲಾಖೆಯ ಕಾಗದ. ಮನೆ ಉತಾರ ಗ್ರಾಮ ಪಂಚಾಯಿತಿಯ ಕಾಗದ. ಒಂದಕ್ಕೆ ನಾಡಕಚೇರಿ, ಇನ್ನೊಂದಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). ಇದು ತಿಳಿಯದೆ ಎಷ್ಟೋ ಮಂದಿ ಒಂದು ದಿನದ ಕೂಲಿ ಕಳೆದುಕೊಂಡು ತಪ್ಪು ಬಾಗಿಲಲ್ಲಿ ಕಾಯುತ್ತಾರೆ.

ಕಂದಾಯದ ಸಾಲಿನಲ್ಲಿ ನೀವು ವೋಟು ಹಾಕಿ ಆರಿಸಿದವರು ಒಬ್ಬರೂ ಇಲ್ಲ. ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರು, ನಾಡಕಚೇರಿಯ ಉಪ ತಹಶೀಲ್ದಾರರು, ಸಿಂದಗಿಯ ತಹಶೀಲ್ದಾರರು, ಇಂಡಿಯಲ್ಲಿ ಕೂರುವ ಉಪವಿಭಾಗಾಧಿಕಾರಿ, ವಿಜಯಪುರದ ಜಿಲ್ಲಾಧಿಕಾರಿ: ಎಲ್ಲರೂ ನೇಮಕಗೊಂಡವರೇ. ಪಂಚಾಯಿತಿಯ ಸಾಲು ಹಾಗಲ್ಲ. ಗ್ರಾಮ, ತಾಲ್ಲೂಕು, ಜಿಲ್ಲೆ ಮೂರೂ ಹಂತದಲ್ಲಿ ಆರಿಸಿ ಬಂದ ಸದಸ್ಯರಿರಬೇಕು. ಪಿಡಿಒ, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಅವರ ತೀರ್ಮಾನ ಜಾರಿಗೆ ತರಬೇಕು.

"ಇರಬೇಕು" ಎಂದು ಬರೆದದ್ದಕ್ಕೆ ಕಾರಣವಿದೆ. 2016ರಲ್ಲಿ ಚುನಾಯಿತವಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷಗಟ್ಟಲೆ ಚುನಾವಣೆ ನಡೆಯಲೇ ಇಲ್ಲ. ಮೂರು ಹಂತದಲ್ಲಿ ಎರಡು ಹಂತ ಜನಪ್ರತಿನಿಧಿಗಳಿಲ್ಲದೆ ಅಧಿಕಾರಿಗಳ ಕೈಯಲ್ಲೇ ನಡೆದವು. ಪಂಚಾಯತ್ ರಾಜ್‌ಗೆ ದೇಶಕ್ಕೇ ದಾರಿ ತೋರಿಸಿದ ರಾಜ್ಯದಲ್ಲಿ ಇಂಥದ್ದು ನಡೆಯಬಾರದಿತ್ತು.

ದಾರಿ ತೋರಿಸಿದ್ದು ನಿಜವೇ? ನಿಜ. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಅದಕ್ಕೆ ಹೊಂದುವ ಕಾಯ್ದೆಯನ್ನು ಕರ್ನಾಟಕ ಅದೇ ವರ್ಷದ ಮೇ ತಿಂಗಳಲ್ಲೇ ಜಾರಿಗೆ ತಂದಿತು. ಅದಕ್ಕೂ ಮೊದಲು, ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ 1983ರ ಕಾಯ್ದೆ ರೂಪಿಸಿದ್ದರು. ಅದರಂತೆ 1987ರಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದು, ಶೇ 25ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ಹಳ್ಳಿ ಹಳ್ಳಿಗೆ ಕೊಳವೆಬಾವಿ ಹಾಕಿಸಿದ ಅವರನ್ನು ಜನ 'ನೀರ್ ಸಾಬ್' ಎಂದೇ ಕರೆದರು. ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಮೈಸೂರಿನ ಸಂಸ್ಥೆಗೆ ಇವತ್ತಿಗೂ ಅವರದೇ ಹೆಸರು.

ಈಗ ಮಹಿಳೆಯರ ಪಾಲು ಅರ್ಧ. 2010ರ ಗ್ರಾಮ ಪಂಚಾಯಿತಿ ಚುನಾವಣೆಯಿಂದ ಹೀಗಿದೆ.

ಎಷ್ಟು ಜನಕ್ಕೆ ಒಬ್ಬ ಮೆಂಬರು? ಸುಮಾರು 400 ಜನಸಂಖ್ಯೆಗೆ ಒಬ್ಬರು. ಶಾಸಕರನ್ನು ಕಾಣಲು ಊರು ಬಿಟ್ಟು ಹೋಗಬೇಕು. ಮೆಂಬರು ಓಣಿಯಲ್ಲೇ ಸಿಗುತ್ತಾರೆ. ಸ್ಪರ್ಧಿಸಲು 21 ವರ್ಷವಾಗಿದ್ದರೆ ಸಾಕು. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. 2020ರ ಡಿಸೆಂಬರಿನಲ್ಲಿ ಬೀದರ ಜಿಲ್ಲೆ ಮತಯಂತ್ರ ಬಳಸಿತು, ಉಳಿದೆಡೆ ಮತಪತ್ರವೇ.

ಇನ್ನು ಮನೆಯಲ್ಲಿ ಎಲ್ಲೋ ಮಡಚಿಟ್ಟ ಪಂಚಾಯಿತಿಯ ಕರ ರಸೀದಿಯನ್ನು ತೆಗೆದು ನೋಡಿ. ಮನೆ ಕರದ ಮೇಲೆ ನಾಲ್ಕು ಉಪಕರ ಸೇರಿರುತ್ತವೆ: ಆರೋಗ್ಯಕ್ಕೆ ಶೇ 15, ಶಿಕ್ಷಣಕ್ಕೆ ಶೇ 10, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಒಟ್ಟು ಶೇ 34. ಸಾವಿರ ರೂಪಾಯಿ ಕರ ಕಟ್ಟುವವರು ಮೇಲೆ 340 ರೂಪಾಯಿ ಕೊಡುತ್ತಾರೆ. ಅದರಲ್ಲಿ 60 ರೂಪಾಯಿ ಪುಸ್ತಕಕ್ಕೆ. ಊರಿನ ಗ್ರಂಥಾಲಯ ಈಗ 'ಅರಿವು ಕೇಂದ್ರ' ಎಂಬ ಹೆಸರಿನಲ್ಲಿ ಪಂಚಾಯಿತಿಯ ಕೆಳಗೇ ಇದೆ. ಅಲ್ಲಿ ಬಾಗಿಲು ತೆರೆದಿದೆಯೇ, ದಿನಪತ್ರಿಕೆ ಬರುತ್ತಿದೆಯೇ ಎಂದು ಕೇಳುವ ಹಕ್ಕು ಆ ರಸೀದಿ ಇದ್ದ ಪ್ರತಿ ಮನೆಗೂ ಇದೆ.

ಶಾಲೆಗೆಂದು ಊರವರೇ ಕರ ಕಟ್ಟುವುದು ಈ ಸೀಮೆಯಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಪಕ್ಕದ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದಿದೆ, ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನ ಕಾಲದ್ದು. ಆಗ ಊರಿನ ಹೆಸರು ಪಾವಿಟ್ಟಗೆ. ರಾಜನ ಮಂತ್ರಿ ನಾರಾಯಣ ಅಲ್ಲಿ ದೊಡ್ಡ ವಿದ್ಯಾಶಾಲೆ ಕಟ್ಟಿಸಿದ. ಹೊರನಾಡುಗಳಿಂದ ಬರುವ ವಿದ್ಯಾರ್ಥಿಗಳಿಗೆ 27 ವಸತಿಗೃಹಗಳಿದ್ದವು. ದೀಪದ ಎಣ್ಣೆಯ ಖರ್ಚಿಗೇ ಬೇರೆಯಾಗಿ 12 ನಿವರ್ತನ ಹೊಲ, ಗುರುವಿಗೆ 50 ನಿವರ್ತನ. ಇಷ್ಟು ರಾಜಾಶ್ರಯದ ಮಾತು. ನನಗೆ ಹೆಚ್ಚು ಹಿಡಿಸಿದ್ದು ಮುಂದಿನದು: ಊರವರು ತಮ್ಮ ಮನೆಯ ಮದುವೆಗೆ 5 ನಾಣ್ಯ, ಮುಂಜಿಗೆ ಅದರ ಅರ್ಧ, ಚೌಲಕ್ಕೆ ಮತ್ತೂ ಅರ್ಧ ಈ ಶಾಲೆಗೆ ಕೊಡಬೇಕೆಂದು ಕಟ್ಟು ಹಾಕಿಕೊಂಡರು. ಅಂದರೆ ಊರಿನಲ್ಲಿ ಶುಭಕಾರ್ಯ ನಡೆದಾಗಲೆಲ್ಲ ಓದುವ ಮಕ್ಕಳಿಗೂ ಒಂದು ಪಾಲು. ಆ ಕಾಲದ ಶಾಲೆ ಎಲ್ಲ ಜಾತಿಗೂ ತೆರೆದಿರಲಿಲ್ಲ. ಇವತ್ತಿನ ಶೇ 10ರ ಉಪಕರದ ಶಾಲೆ ತೆರೆದಿದೆ.

ಈ ನೆಲ ಆಗ ತರ್ದವಾಡಿ ಸಾಸಿರ ಎಂಬ ನಾಡಿಗೆ ಸೇರಿತ್ತು. ಆಮೇಲೆ ಆಡಳಿತದ ಕೇಂದ್ರ ಎಷ್ಟು ಸಲ ಬದಲಾಯಿತು ನೋಡಿ. ಬ್ರಿಟಿಷರ ಕಾಲದಲ್ಲಿ ಜಿಲ್ಲೆಯ ಮುಖ್ಯಸ್ಥಳ ಕಲಾದಗಿ. ವಿಜಾಪುರಕ್ಕೆ ಬಂದದ್ದು 1885ರಲ್ಲಿ. 1956ರ ನವೆಂಬರ್ 1ರವರೆಗೆ ಜಿಲ್ಲೆ ಮುಂಬಯಿಯ ಕೆಳಗೆ. 1997ರಲ್ಲಿ ಬಾಗಲಕೋಟೆ ಬೇರೆಯಾಯಿತು. 2014ರಲ್ಲಿ ಹೆಸರು ವಿಜಯಪುರವಾಯಿತು. ವಿಜಾಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಐದು ತಾಲ್ಲೂಕುಗಳು ಈಗ ಹದಿಮೂರು. ಹಳೆಯ ಸಿಂದಗಿಯಿಂದ ದೇವರ ಹಿಪ್ಪರಗಿ, ಆಲಮೇಲ ಹೊರಬಂದವು.

ಈಗ ಅಡ್ಡಹೆಸರುಗಳಾಗಿ ಉಳಿದ ಪಾಟೀಲ, ಕುಲಕರ್ಣಿ, ವಾಲೀಕಾರ ಇವೆಲ್ಲ ಒಂದು ಕಾಲದಲ್ಲಿ ಹುದ್ದೆಗಳು. ಗೌಡಕಿ ಪಾಟೀಲರದು, ಲೆಕ್ಕ ಕುಲಕರ್ಣಿಯದು, ಓಲೆ ಒಯ್ಯುವುದು ಕಾಯುವುದು ವಾಲೀಕಾರರದು. ಈ ಹುದ್ದೆಗಳು ವತನ ಹೊಲದ ಜೊತೆ ತಂದೆಯಿಂದ ಮಗನಿಗೆ ಇಳಿಯುತ್ತಿದ್ದವು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಯಾಗಿ ವಂಶಪಾರಂಪರ್ಯ ಕೊನೆಗೊಂಡಿತು. ಆ ಜಾಗದಲ್ಲಿ ಸಂಬಳದ ತಲಾಟಿ ಕೂತರು. ಸರ್ಕಾರ ಅವರಿಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರಿಟ್ಟಿದೆ; ಊರಿನ ಬಾಯಲ್ಲಿ ಇನ್ನೂ "ತಲಾಟಿ ಸಾಹೇಬರ".

ಪಹಣಿ ಕೈಗೆ ಬಂದಾಗ ಎಲ್ಲರೂ 9ನೇ ಕಾಲಂ ನೋಡುತ್ತಾರೆ, ಯಾಕೆಂದರೆ ಅಲ್ಲಿ ಮಾಲಿಕರ ಹೆಸರಿದೆ. 11ನೆಯದನ್ನೂ ನೋಡಿ. ಸೊಸೈಟಿ, ಬ್ಯಾಂಕಿನ ಸಾಲ, ಇತರ ಹಕ್ಕು ಋಣಗಳು ಅಲ್ಲಿರುತ್ತವೆ. ಸಾಲ ತೀರಿಸಿದ ಮೇಲೂ ಅಲ್ಲಿ ಬೋಜಾ ಹಾಗೇ ಉಳಿದು, ಹೊಲ ಮಾರುವ ದಿನ ತೊಡಕಾಗುವುದುಂಟು. 12ರಲ್ಲಿ ಸಾಗುವಳಿ ಮತ್ತು ಬೆಳೆ. ತೊಗರಿ ಬಿತ್ತಿದ ಹೊಲದಲ್ಲಿ ಬೇರೆ ಬೆಳೆ ನಮೂದಾಗಿದ್ದರೆ ಬೆಳೆ ವಿಮೆ, ಬರ ಪರಿಹಾರದ ಹೊತ್ತಿಗೆ ಪೆಟ್ಟು ಬೀಳುವುದು ರೈತನಿಗೇ. ಕೈಬರಹದ ಪಹಣಿ ಹೋಗಿ ಕಂಪ್ಯೂಟರಿನದು ಬಂದದ್ದು 'ಭೂಮಿ' ಯೋಜನೆಯಿಂದ. ಸುಮಾರು 2 ಕೋಟಿ ಪಹಣಿಗಳನ್ನು ಆಗ ಗಣಕಕ್ಕೆ ಏರಿಸಿದರು.

ಮನೆ ಉತಾರ ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶದಲ್ಲಿ ಬರುತ್ತದೆ. ಗಾವಠಾಣದೊಳಗಿನ, ಅಂದರೆ ಊರಿನ ವಸತಿ ಜಾಗದ, ಮನೆಗೆ ನಮೂನೆ 9 ಮತ್ತು 11ಎ. ಬರೀ 11ಬಿ ಕೊಟ್ಟರೆ ಪ್ಲಾಟು ಕೊಳ್ಳುವ ಮುನ್ನ ಯಾಕೆಂದು ವಿಚಾರಿಸಿ.

ಪಂಚಾಯಿತಿಗೆ ದುಡ್ಡು ಎಲ್ಲಿಂದ? ಸ್ವಂತ ಕರ, ರಾಜ್ಯದ ಅನುದಾನ, ಕೇಂದ್ರದ ಹಣಕಾಸು ಆಯೋಗದ ಅನುದಾನ. 15ನೇ ಹಣಕಾಸು ಆಯೋಗ ತನ್ನ ಅನುದಾನದಲ್ಲಿ ಶೇ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಬೇಸಿಗೆಯಲ್ಲಿ ನಳಕ್ಕೆ ನೀರು ಬಾರದಿದ್ದಾಗ "ಫಂಡ್ ಇಲ್ಲ" ಎಂಬ ಮಾತು ಕೇಳಿಬಂದರೆ ಆ ಶೇ 60ರ ಲೆಕ್ಕ ಕೇಳಬೇಕು.

2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಕೆಲಸ ಕೇಳಿ 15 ದಿನದೊಳಗೆ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು ಬರೆದಿತ್ತು. ಕೇಳಿದ್ದಕ್ಕೆ ಪುರಾವೆ ಎಂದರೆ ನಮೂನೆ 6ರ ಅರ್ಜಿಗೆ ಸಿಗುತ್ತಿದ್ದ ತಾರೀಖು ಹಾಕಿದ ರಸೀದಿ. ಗೋವಾ, ಪುಣೆ, ಬೆಂಗಳೂರು ಎಂದು ದುಡಿಯಲು ಗುಳೆ ಹೋಗುವ ಈ ಸೀಮೆಯಲ್ಲಿ ಎಷ್ಟೋ ಮಂದಿ ಬಾಯಿಮಾತಿನಲ್ಲೇ ಕೆಲಸ ಕೇಳಿ, ಆ ಚೀಟಿ ಇಲ್ಲದ್ದಕ್ಕೇ ಭತ್ಯೆ ಬಿಟ್ಟುಕೊಟ್ಟರು. ಕಾಮಗಾರಿಯಲ್ಲಿ ಹಾಜರಿ ಹಿಡಿಯುವ ಮೇಟಿಗೆ ಕರ್ನಾಟಕ ಇಟ್ಟ ಹೆಸರು 'ಕಾಯಕ ಬಂಧು'. ಬಸವಣ್ಣನ ಬಾಗೇವಾಡಿ ಇರುವ ಜಿಲ್ಲೆಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಿಕ್ಕಿಲ್ಲ. ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗೆ 'ಕೂಸಿನ ಮನೆ'ಯನ್ನೂ ರಾಜ್ಯದ 4,000 ಪಂಚಾಯಿತಿಗಳಿಗೆ ಘೋಷಿಸಲಾಯಿತು.

ಆರಿಸಿ ಬಂದವರು, ನೇಮಕಗೊಂಡವರು ಎಂಬ ಮಾತಿಗೆ ಮರಳೋಣ. ಅಮೆರಿಕದ ಹಳ್ಳಿಗಾಡಿನ ಕೌಂಟಿಗಳಲ್ಲಿ ಪೊಲೀಸ್ ಮುಖ್ಯಸ್ಥನಾದ ಶೆರಿಫ್, ಖಜಾಂಚಿ, ಕರ ನಿಗದಿ ಮಾಡುವವರು ಎಷ್ಟೋ ಕಡೆ ಜನರ ವೋಟಿನಿಂದಲೇ ಬರುತ್ತಾರೆ. ನಮ್ಮಲ್ಲಿ ಪಿಎಸ್‌ಐ, ತಹಶೀಲ್ದಾರರು ಆರಿಸಿ ಬಂದವರಲ್ಲ. ಆದರೆ ಅಲ್ಲಿನ ಕೌಂಟಿಗಳಲ್ಲಿ ಸಾಮಾನ್ಯವಾಗಿ ಕಾಣದ ಒಂದು ಸಂಸ್ಥೆ ಯಂಕಂಚಿಯಲ್ಲಿ ಕೂಲಿಯವರಿಗೂ ಸಿಗುತ್ತದೆ: ಗ್ರಾಮಸಭೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಎಲ್ಲರೂ ಅದರ ಸದಸ್ಯರು, ಯಾರೂ ಆರಿಸಬೇಕಾಗಿಲ್ಲ.

ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಅದಕ್ಕೂ ಮುನ್ನ ವಾರ್ಡ್ ಸಭೆ. ಮನೆ ಯಾರಿಗೆ, ರಸ್ತೆ ಯಾವ ಓಣಿಗೆ ಎಂಬ ಫಲಾನುಭವಿಗಳ ಪಟ್ಟಿ ಅಲ್ಲಿಂದಲೇ ಹುಟ್ಟಬೇಕು; ಯಾರದೋ ಮನೆಯ ಪಡಸಾಲೆಯಲ್ಲಿ ಅಲ್ಲ. ಮಹಿಳೆಯರ ಗ್ರಾಮಸಭೆ ಬೇರೆ ಇದೆ, ಮಕ್ಕಳದೂ ಇದೆ. ಮಕ್ಕಳ ಸಭೆಯಲ್ಲಿ ಕೇಳಿಬರುವ ಬೇಡಿಕೆಗಳು ನೇರ: ಶಾಲೆಗೆ ಕಂಪೌಂಡು, ಹುಡುಗಿಯರ ಶೌಚಾಲಯಕ್ಕೆ ನೀರು, ಹೈಸ್ಕೂಲಿನ ಹೊತ್ತಿಗೆ ಬಸ್ಸು. ವರ್ಷಕ್ಕೊಮ್ಮೆ ಜಮಾಬಂದಿ ನಡೆದು ಹಿಂದಿನ ವರ್ಷದ ಖರ್ಚನ್ನು ಊರ ಮುಂದೆ ಓದಬೇಕು, ಕಾಮಗಾರಿಗಳನ್ನು ಸ್ಥಳದಲ್ಲೇ ತೋರಿಸಬೇಕು.

ಇನ್ನು ಕಚೇರಿಯ ಕಿಟಕಿಯ ಮಾತು. ಸರ್ಕಾರಿ ಸೇವೆ ಗೊತ್ತಾದ ದಿನದೊಳಗೆ ಸಿಗಬೇಕೆನ್ನುವ ಸಕಾಲ ಕಾಯ್ದೆ ಜಾರಿಗೆ ಬಂದದ್ದು 2012ರ ಏಪ್ರಿಲ್‌ನಲ್ಲಿ. ಜಾತಿ, ಆದಾಯದಂಥ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟಾಗ 15 ಅಂಕಿಯ ಸಂಖ್ಯೆಯ ಸ್ವೀಕೃತಿ ಸಿಗಬೇಕು. ಗೊತ್ತಾದ ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಸ್ವೀಕೃತಿ ಇಲ್ಲದೆ ಅರ್ಜಿ ಕೊಟ್ಟು ಬಂದಿದ್ದರೆ ಆ ದಿನಗಳ ಲೆಕ್ಕ ಶುರುವೇ ಆಗಿರುವುದಿಲ್ಲ. ಹಾಗಾಗಿ ಕಿಟಕಿ ಬಿಡುವ ಮುನ್ನ ಚೀಟಿ ಕೇಳಿ ಇಸಿದುಕೊಳ್ಳಿ. ಗ್ರಾಮಸಭೆಯಲ್ಲಿ ನೀವು ಎತ್ತಿದ ಮಾತು ನಡಾವಳಿ ಪುಸ್ತಕದಲ್ಲಿ ಬರೆದಿದ್ದಾರೆಯೇ ಎಂದೂ ಅಲ್ಲೇ ಓದಿಸಿ ಕೇಳಿ. ಅದರ ನಕಲು ಮಾಹಿತಿ ಹಕ್ಕಿನಡಿ ಯಾರಿಗಾದರೂ ಸಿಗುತ್ತದೆ.