ಆಕಾಶನೌಕೆಗಳ ನಿರ್ಗಮಾನಿಲವೂ ಅಯಾನುಮಂಡಲದ ಅಲೆಗಳೂ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಹಗಲು ಕೇಳಿಸದ ದೂರದ ಮಧ್ಯತರಂಗ ರೇಡಿಯೋ ನಿಲಯಗಳು ರಾತ್ರಿಯಲ್ಲಿ ಕೇಳಿಬರುವುದುಂಟು. ಭೂಮಿಯಿಂದ ಬಹು ಎತ್ತರದಲ್ಲಿರುವ ಅಯಾನುಮಂಡಲವು ಅಲೆಗಳನ್ನು ಕೆಳಕ್ಕೆ ಬಾಗಿಸುವುದೂ, ಹಗಲಿನಲ್ಲಿ ಅವನ್ನು ಹೀರುವ ಕೆಳಪದರವು ಇರುಳಿನಲ್ಲಿ ಕ್ಷಯಿಸುವುದೂ ಇದಕ್ಕೆ ಕಾರಣಗಳು. ಸೂರ್ಯನ ತೀಕ್ಷ್ಣಕಿರಣಗಳು ಅಲ್ಲಿನ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಬೇರ್ಪಡಿಸುವುವು. ಹೀಗೆ ಉಂಟಾದ ವಿದ್ಯುದ್ಯುಕ್ತ ಅನಿಲಕ್ಕೆ ಪ್ಲಾಸ್ಮಾ ಎಂದು ಹೆಸರು. ಇದರೊಳಗೆ ಆಕಾಶನೌಕೆಯ ಎಂಜಿನು ಉರಿದರೆ ಆಗುವ ಪರಿಣಾಮವು ವಿಚಾರಣೀಯವಾಗಿದೆ.

ನೆಲದ ಮೇಲೆ ನಿರುಪದ್ರವಿಯಾದ ನೀರಾವಿಯೇ ಅಲ್ಲಿ ಪ್ರಬಲವಾದ ಕಾರಕವಾಗುವುದು. ಸುಮಾರು 300 ಕಿ.ಮೀ. ಎತ್ತರದಲ್ಲಿ ಪ್ಲಾಸ್ಮಾದ ಅಯಾನುಗಳಲ್ಲಿ ಹೆಚ್ಚಿನವು ಆಮ್ಲಜನಕದ ಒಂಟಿ ಪರಮಾಣುಗಳು. ಇವು ಎಲೆಕ್ಟ್ರಾನುಗಳೊಡನೆ ನೇರವಾಗಿ ಕೂಡುವುದು ಅತಿ ವಿರಳ. ಆದರೆ ನೀರಿನ ಅಣುವು ಎದುರಾದೊಡನೆ ಅಯಾನಿನ ವಿದ್ಯುದಂಶವು ಅದಕ್ಕೆ ದಾಟುವುದು. ಹಾಗೆ ಹುಟ್ಟಿದ ಅಣ್ವಯಾನು ಎಲೆಕ್ಟ್ರಾನನ್ನು ಶೀಘ್ರವಾಗಿ ಹಿಡಿದು ಒಡೆಯುವುದು. 1973ನೆಯ ಮೇ 14ರಂದು ಸ್ಯಾಟರ್ನ್-5 ರಾಕೆಟ್ಟು ಸ್ಕೈಲ್ಯಾಬನ್ನು ಒಯ್ದಾಗ, ಸಾವಿರ ಕಿ.ಮೀ.ಗಳಷ್ಟು ದೂರದವರೆಗೆ ಎಲೆಕ್ಟ್ರಾನುಗಳ ಮೊತ್ತವು ಸುಮಾರು ಅರ್ಧಕ್ಕೆ ಇಳಿದು, ಕೆಲವು ಗಂಟೆಗಳ ಕಾಲ ಹಾಗೆಯೇ ಉಳಿದಿತ್ತು.

ಇದೇ ಅನಿಲವು ಅಲೆಗಳನ್ನು ಬಲಪಡಿಸಲೂ ಬಲ್ಲುದು. ನೌಕೆಯ ವೇಗದೊಡನೆ ಹೊರಬಿದ್ದ ಅಣುವು ಅಯಾನಾದೊಡನೆ ಭೂಮಿಯ ಕಾಂತಕ್ಷೇತ್ರಕ್ಕೆ ಸಿಕ್ಕಿ ಸುತ್ತತೊಡಗುವುದು; ಅದರ ಚಲನಶಕ್ತಿಯು ಪ್ಲಾಸ್ಮಾದ ಅಲೆಗಳಿಗೆ ಸಂಕ್ರಮಿಸುವುದು. 2020ನೆಯ ಮೇ 26ರಂದು ಸಿಗ್ನಸ್ ಎಂಬ ಸರಕುನೌಕೆಯ ಎಂಜಿನನ್ನು ಉರಿಸಿದಾಗ, ಅಮೆರಿಕದ ಉತ್ತರ ಡಕೋಟಾದಿಂದ 25.2 ಕಿಲೋಹರ್ಟ್ಸ್‌ನಲ್ಲಿ ಹೊರಟ ರೇಡಿಯೋ ಅಲೆಯು ಕೆನಡಾದ ಉಪಗ್ರಹವೊಂದರಲ್ಲಿ ಸುಮಾರು 30 ಡೆಸಿಬೆಲ್, ಎಂದರೆ ಸಾವಿರ ಪಾಲು ಹೆಚ್ಚು ಶಕ್ತಿಯುಳ್ಳದ್ದಾಗಿ ಕಂಡುಬಂದಿತು.

ಕರ್ನಾಟಕಕ್ಕೂ ಈ ವಿಷಯವು ದೂರದ್ದಲ್ಲ. 2023ನೆಯ ಜುಲೈ 25ರಂದು ಚಂದ್ರಯಾನ-3ರ ಎಂಜಿನನ್ನು ಭೂಸಮೀಪ ಬಿಂದುವಿನಲ್ಲಿ ಉರಿಸುವ ಕಾರ್ಯವು ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದಿಂದಲೇ ನಡೆಯಿತು. ಆ ಬಿಂದುವಿನ ಎತ್ತರ ಸುಮಾರು 236 ಕಿ.ಮೀ., ಎಂದರೆ ಅಯಾನುಮಂಡಲದ ಒಳಗೇ. ಅದರ ಇಂಧನವೂ ಸಿಗ್ನಸ್ಸಿನದರ ಜಾತಿಯದೇ; ಉರಿದಾಗ ಹುಟ್ಟುವ ಅನಿಲಗಳಲ್ಲಿ ನೀರಾವಿಯೂ ಸೇರಿರುವುದು.

ಇದರ ಪ್ರಯೋಜನವೂ ಅಲ್ಪವಲ್ಲ. ಭೂಮಿಯನ್ನು ಸುತ್ತುವರಿದ ವಿಕಿರಣಪಟ್ಟಿಗಳ ತೀವ್ರ ಎಲೆಕ್ಟ್ರಾನುಗಳು ಉಪಗ್ರಹಗಳ ಯಂತ್ರಗಳನ್ನು ಕೆಡಿಸುವುವು. ಬಲಗೊಂಡ ಅಲೆಗಳು ಅವನ್ನು ವಾಯುಮಂಡಲಕ್ಕೆ ಕೆಡವಬಹುದೆಂಬುದು ವಿಜ್ಞಾನಿಗಳ ಆಶಯ. ಆದರೆ ದಾರಿ ತೋರುವ ಉಪಗ್ರಹಗಳ ಸಂಕೇತಗಳು ಇದೇ ಪ್ಲಾಸ್ಮಾವನ್ನು ದಾಟಿ ನೆಲವನ್ನು ಸೇರಬೇಕಾಗಿದೆ; ಅದರ ಸಾಂದ್ರತೆಯು ಹಠಾತ್ತನೆ ಬದಲಾದರೆ ಅವುಗಳ ಅಳತೆ ತಪ್ಪುವ ಸಂಭವವುಂಟು. ಆದುದರಿಂದ ನಿರ್ಗಮಾನಿಲವನ್ನು ಕೇವಲ ಹೊಗೆಯೆಂದು ಉಪೇಕ್ಷಿಸಲಾಗದು. ಹಾರಾಟಗಳು ಹೆಚ್ಚಿದಂತೆಲ್ಲ, ಎಂಜಿನನ್ನು ಎಲ್ಲಿ, ಯಾವಾಗ, ಎಷ್ಟು ಹೊತ್ತು ಉರಿಸಲಾಯಿತೆಂಬ ಲೆಕ್ಕವು ಅಯಾನುಮಂಡಲದ ಅಧ್ಯಯನಕ್ಕೆ ಅವಶ್ಯವಾಗುವುದು.